ಕತ್ತರಿಸಿದ ತಲೆ, ಬೋಳಿಸಿದ ತಲೆ

ಪುಣೆಯ ಪ್ರಭಾತ್ ಸ್ಟುಡಿಯೋದ ಜಾಗದಲ್ಲಿ 1960ರಲ್ಲಿ ಆರಂಭವಾದ ಫಿಲ್ಮ್ ಇನ್‌ಸ್ಟಿಟ್ಯೂಟಿಗೂ ಕನ್ನಡಕ್ಕೂ ಇರುವ ನಂಟನ್ನು ಇಲ್ಲಿನ ಕನ್ನಡಿಗರಾದ ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಗಿರೀಶ ಕಾರ್ನಾಡರು ಅದರ ನಿರ್ದೇಶಕರಾಗಿದ್ದರು. ಅಲ್ಲಿ ಕಲಿತ ಗಿರೀಶ ಕಾಸರವಳ್ಳಿಯವರು 1977ರಲ್ಲಿ ‘ಘಟಶ್ರಾದ್ಧ’ವನ್ನು ಕೊಟ್ಟರು. ಆದರೆ ಆ ಚಿತ್ರವನ್ನು ನಾವು ‘ಅಗ್ರಹಾರದ ಕಥೆ’ ಎಂಬ ಕಪಾಟಿನಲ್ಲಿಟ್ಟು ಬೀಗ ಹಾಕಿಬಿಟ್ಟಿದ್ದೇವೆ. ಯುಗೊಸ್ಲಾವಿಯದ ದುಶಾನ್ ಮಕಾವೆಯೆವ್ 1971ರಲ್ಲಿ ಮಾಡಿದ ‘ಡಬ್ಲ್ಯೂ.ಆರ್.: ಮಿಸ್ಟರೀಸ್ ಆಫ್ ದಿ ಆರ್ಗನಿಸಂ’ ಚಿತ್ರದ ಪಕ್ಕದಲ್ಲಿಟ್ಟು ಅದನ್ನು ಮತ್ತೆ ನೋಡಬೇಕೆಂಬುದು ನಮ್ಮ ವಾದ.

ಡಬ್ಲ್ಯೂ.ಆರ್. ಎಂದರೆ ವಿಲ್ಹೆಲ್ಮ್ ರೈಖ್. ಕಾಮವನ್ನು ಅದುಮಿಟ್ಟ ಸಮಾಜ ದೊರೆತನಕ್ಕೆ ತಾನಾಗಿಯೇ ತಲೆಬಾಗುತ್ತದೆ ಎಂದ ಮನೋವಿಜ್ಞಾನಿ. ಕಮ್ಯುನಿಸ್ಟ್ ಪಕ್ಷ ಅವನನ್ನು ಹೊರಹಾಕಿತು, ಫ್ರಾಯ್ಡನ ಶಿಷ್ಯರ ಕೂಟವೂ ಹೊರಹಾಕಿತು. ಅಮೆರಿಕ ಅವನ ಪುಸ್ತಕಗಳನ್ನು ಸುಟ್ಟಿತು, 1957ರಲ್ಲಿ ಆತ ಅಲ್ಲಿನ ಸೆರೆಮನೆಯಲ್ಲೇ ಸತ್ತ. ಮಕಾವೆಯೆವ್ ಸಾಕ್ಷ್ಯಚಿತ್ರ, ಸ್ತಾಲಿನನ ಸ್ತುತಿಚಿತ್ರದ ತುಣುಕು, ಕಲ್ಪಿತ ಕಥೆ ಎಲ್ಲವನ್ನೂ ಸೇರಿಸಿ ಹೊಲಿಯುತ್ತಾನೆ. ಕಥೆಯಲ್ಲಿ ಬೆಲ್‌ಗ್ರೇಡಿನ ಮಿಲೇನಾ, ಪ್ರೇಮದ ಸ್ವಾತಂತ್ರ್ಯವಿಲ್ಲದ ಕಮ್ಯುನಿಸಂ ನಿರ್ಜೀವವೆಂದು ವಠಾರದ ಮೊಗಸಾಲೆಯಲ್ಲಿ ನಿಂತು ಭಾಷಣ ಮಾಡುತ್ತಾಳೆ. ಅವಳು ಒಲಿದದ್ದು ಸೋವಿಯತ್ ಸ್ಕೇಟಿಂಗ್ ಪಟುವಿಗೆ. ಅವನ ಹೆಸರು ವ್ಲಾದಿಮಿರ್ ಇಲ್ಯಿಚ್! (ಲೆನಿನ್ನನ ಹೆಸರೇ.) ಒಲವನ್ನು ತಾಳಲಾರದೆ ಅವನು ಸ್ಕೇಟಿನ ಅಲಗಿನಿಂದ ಅವಳ ತಲೆ ಕತ್ತರಿಸುತ್ತಾನೆ. ಪ್ರಯೋಗಾಲಯದ ತಟ್ಟೆಯಲ್ಲಿ ಕುಳಿತ ತಲೆ ಮಾತ್ರ ಮಾತು ನಿಲ್ಲಿಸುವುದಿಲ್ಲ. ತನ್ನ ಕಮ್ಯುನಿಸ್ಟ್ ಗತದ ಬಗ್ಗೆ ತನಗೆ ನಾಚಿಕೆಯಿಲ್ಲ ಎನ್ನುತ್ತದೆ. ಯುಗೊಸ್ಲಾವಿಯ ಚಿತ್ರವನ್ನು ನಿಷೇಧಿಸಿತು; ನಿರ್ದೇಶಕ ದೇಶ ಬಿಡಬೇಕಾಯಿತು.

ನಮ್ಮ ಯಮುನಕ್ಕನ ತಲೆಯನ್ನು ಯಾರೂ ಕತ್ತರಿಸುವುದಿಲ್ಲ. ಬಸುರಾದ ವಿಧವೆಯ ತಲೆಯನ್ನು ಬೋಳಿಸಿ ಮರದಡಿ ಕೂರಿಸುತ್ತಾರೆ, ಅಷ್ಟೇ. ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿದ ತಂದೆ ಉಡುಪರು ಎಳೆಯ ಹುಡುಗಿಯೊಬ್ಬಳೊಡನೆ ಮರುಮದುವೆಗೆ ಸಿದ್ಧರಾಗುತ್ತಾರೆ. ಯಮುನಕ್ಕ ಮಾತನಾಡುವುದಿಲ್ಲ, ನಾವು ಅವಳನ್ನು ಕಾಣುವುದೂ ಬಾಲಕ ನಾಣಿಯ ಕಣ್ಣಿನಿಂದ.

ಅಲ್ಲಿ ಕ್ರಾಂತಿಯಾದ ಮೇಲಿನ ಪ್ರಶ್ನೆ, ಇಲ್ಲಿ ಕ್ರಾಂತಿಯ ಸುಳಿವೇ ಇಲ್ಲ, ಎರಡಕ್ಕೂ ಎಲ್ಲಿಯ ಹೋಲಿಕೆ ಎನ್ನಬಹುದು. ಆದರೆ ‘ಘಟಶ್ರಾದ್ಧ’ದ ಮೂಲಕಥೆ ಬರೆದ ಅನಂತಮೂರ್ತಿಯವರು ಲೋಹಿಯಾ ಸಮಾಜವಾದದಿಂದ ಬಂದವರು. ಜಾತಿಯ ಕಟ್ಟನ್ನೂ ಹೆಣ್ಣಿನ ಮೇಲಿನ ಕಟ್ಟನ್ನೂ ಒಟ್ಟಿಗೇ ಬಿಚ್ಚಬೇಕೆಂದವರು ಲೋಹಿಯಾ. ನಮ್ಮ ಎಡಪಂಥೀಯ ವಿಮರ್ಶೆಗೆ ಹಸಿವು ರಾಜಕೀಯವಾಯಿತು. ಕಾಮ ಮನೆಯೊಳಗಿನ ಸಂಗತಿಯಾಗಿಯೇ ಉಳಿಯಿತು. ಹಾಗಾಗಿ ಯಮುನಕ್ಕನಿಗೆ ಕನಿಕರ ದೊರೆಯಿತೇ ಹೊರತು, ಅವಳ ಬಯಕೆಗೆ ಒಂದು ರಾಜಕೀಯ ದೊರೆಯಲಿಲ್ಲ. ಮಕಾವೆಯೆವ್‌ನನ್ನೂ ನಾವು ಹೊತ್ತು ಮೆರೆಸಲಾರೆವು. ಗಂಡಸರ ಸಿದ್ಧಾಂತಕ್ಕೆ ಅಲ್ಲಿಯೂ ಬೆಲೆ ತೆತ್ತವಳು ಹೆಣ್ಣೇ.

‘ಘಟಶ್ರಾದ್ಧ’ವನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲಾಯಿತು. ಎರಡೂ ಚಿತ್ರಗಳನ್ನು ಒಂದೇ ಸಂಜೆ ನೋಡೋಣವೆಂದು ನಮ್ಮ ಬಳಗ ನಿಶ್ಚಯಿಸಿದೆ. ಮೊದಲು ಯಾವುದು ಎಂಬುದರಲ್ಲಿ ಇನ್ನೂ ಒಮ್ಮತವಾಗಿಲ್ಲ.