ಕಂಪ್ಯೂಟರಿನ ಹುಡುಗನೂ ಕೂಲಿಯವನೇ



ಕಳೆದ ತಿಂಗಳು ಸೂರತ್ತಿನಲ್ಲಿ ಸೇರಿದ ನಮ್ಮ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಒಂದೇ ಒಂದು ಅರ್ಜಿಯ ಮೇಲೆ ಎರಡು ತಾಸು ವಾದ ನಡೆಯಿತು. ಅರ್ಜಿ ಹಾಕಿದವನು ವಡೋದರದಲ್ಲಿ ಇಪ್ಪತ್ತೆಂಟು ವರ್ಷ ದೋಸೆಕಲ್ಲಿನ ಮುಂದೆ ನಿಂತ ಭಟ್ಟರೊಬ್ಬರ ಮಗ. ಈಗ ಅಹಮದಾಬಾದಿನ ಒಂದು ಕಂಪೆನಿಯಲ್ಲಿ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವ ಕೆಲಸದಲ್ಲಿದ್ದಾನೆ. ತನ್ನನ್ನೂ ಸಂಘದ ಸದಸ್ಯನನ್ನಾಗಿ ಮಾಡಿಕೊಳ್ಳಿರೆಂದು ಕೇಳಿದ್ದಾನೆ.

"ತಣ್ಣನೆಯ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತು ಸಂಬಳ ಎಣಿಸುವವನಿಗೆ ಹೊಟೇಲು ಗಿರಣಿಯವರ ಸಂಘದಲ್ಲಿ ಏನು ಕೆಲಸ?" ಎಂದು ಕೆಲವರು ಕೇಳಿದರು. ಮಗ್ಗದ ಖಾತೆಯ ಹಿರಿಯರೊಬ್ಬರು ಇನ್ನೂ ಖಾರವಾಗಿ, "ನಮ್ಮ ಅನ್ನ ಕಸಿಯುವ ಯಂತ್ರಕ್ಕೆ ಬುದ್ಧಿ ಹೇಳಿಕೊಡುವವನೇ ಅವನು. ಅವನನ್ನು ಮನೆಯೊಳಗೆ ಕರೆಯಬೇಕೆ?" ಎಂದರು. ತೀರ್ಮಾನವಾಗಲಿಲ್ಲ. ವಿಷಯ ಮಹಾಸಭೆಗೆ ಬರಲಿದೆ. ಅವನನ್ನು ಸೇರಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಸಭೆಯ ಗದ್ದಲದಲ್ಲಿ ಪೂರ್ತಿ ಹೇಳಲಾಗದ್ದನ್ನು ಇಲ್ಲಿ ಸಾವಕಾಶವಾಗಿ ಹೇಳುತ್ತೇನೆ.

ನಾನು ಏಳನೆಯ ತರಗತಿಯವರೆಗೆ ಮಾತ್ರ ಓದಿದವನು. ಮುಸುರೆ ತೊಳೆಯುವಲ್ಲಿಂದ ಆರಂಭಿಸಿ ಮಾಣಿಯಾಗಿ, ಬಿಲ್ಲು ಬರೆಯುವವನಾಗಿ ದುಡಿದೆ. ಕಂಪ್ಯೂಟರಿನ ವಿದ್ಯೆ ನನಗೆ ತಿಳಿಯದು. ಆದರೆ ಕಂಪ್ಯೂಟರು ನಮ್ಮ ಕೂಲಿಗೆ ಕೈ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಮೂರು ವರ್ಷಗಳ ಹಿಂದೆ ನಾನಿದ್ದ ಹೊಟೇಲಿನಲ್ಲಿ ಹಾಜರಿ ಪುಸ್ತಕವನ್ನು ತೆಗೆದು ಗೋಡೆಗೆ ಹೆಬ್ಬೆಟ್ಟಿನ ಯಂತ್ರವನ್ನು ಹೊಡೆದರು. ಗಲ್ಲಾದವರ ಬೆರಳು ಕೂಡಲೇ ಹಿಡಿಯಿತು, ಮಾಣಿಗಳದ್ದೂ ಹಿಡಿಯಿತು. ಮುಸುರೆಯವರದ್ದು ಮಾತ್ರ ಹಿಡಿಯಲಿಲ್ಲ. ಹೇಗೆ ಹಿಡಿದೀತು? ಹಗಲಿರುಳು ಸೋಡಾಪುಡಿ, ಬಿಸಿನೀರು, ತಂತಿಯ ನಾರು. ಅವರ ಬೆರಳ ತುದಿಯ ಗೆರೆಗಳೆಲ್ಲ ಸವೆದು ಹೋಗಿದ್ದವು. ಬೆಳಿಗ್ಗೆ ಐದೂವರೆಗೇ ಬಂದು ನಿಂತು, ಅಂಗಿಗೆ ಬೆರಳು ಒರೆಸಿ ಹತ್ತು ಸಲ ಒತ್ತುವರು. ಯಂತ್ರ "ಇಲ್ಲ" ಎನ್ನುವುದು. ಹತ್ತು ನಿಮಿಷ ದಾಟಿದರೆ ಅರ್ಧ ದಿನದ ಕೂಲಿ ಹೋಯಿತು. ಊರಿನಲ್ಲಿ ಮಗಳ ಮದುವೆ ಗೊತ್ತುಮಾಡಿದ್ದ ಒಬ್ಬರಿಗೆ ಒಂದೇ ತಿಂಗಳಲ್ಲಿ ಒಂಬತ್ತು ಅರ್ಧ ದಿನ ಹೋಯಿತು.

ಧಣಿಯನ್ನು ಕೇಳಿದೆವು. "ನಾನು ಕತ್ತರಿಸಿಲ್ಲ, ಕಂಪ್ಯೂಟರು ಕತ್ತರಿಸಿದ್ದು" ಎಂದರು. ಹಿಂದೆ ಧಣಿ ಕೂಲಿ ಹಿಡಿದರೆ ಅವರ ಮುಖ ನೋಡಿ ಜಗಳವಾಡುತ್ತಿದ್ದೆವು. ಗೋಡೆಯ ಡಬ್ಬಿಯೊಡನೆ ಜಗಳವಾಡುವುದು ಹೇಗೆ?

ಆಗ ಈ ಹುಡುಗನನ್ನು ಕರೆದೆ. ಆ ಯಂತ್ರದ ಪ್ರೋಗ್ರಾಮನ್ನು ಅವನು ಬರೆದದ್ದಲ್ಲ. ಅಂಥದೇ ಇನ್ನೊಂದನ್ನು ಬೇರೆ ಕಂಪೆನಿಗಾಗಿ ಬರೆದ ಅನುಭವ ಅವನಿಗಿತ್ತು. ಭಾನುವಾರ ಬಂದು ನೋಡಿದ. ಅಂದು ಅವನು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಹಾಗೆಯೇ ನಿಂತಿದೆ.

"ಅಣ್ಣ, ಯಂತ್ರ ತಾನಾಗಿ ಏನನ್ನೂ ಕತ್ತರಿಸುವುದಿಲ್ಲ. ಹತ್ತು ನಿಮಿಷಕ್ಕೆ ಅರ್ಧ ದಿನ ಅಂತ ಯಾರೋ ಹೇಳಿದ್ದಾರೆ, ನನ್ನಂಥವನೊಬ್ಬ ಬರೆದಿದ್ದಾನೆ. ಬೆರಳಿನ ಪರೀಕ್ಷೆ ನಾವು ಮಾಡುವುದು ಆಫೀಸಿನಲ್ಲಿ, ನಮ್ಮ ನಮ್ಮ ಬೆರಳಿಟ್ಟು. ಅಲ್ಲಿ ಮುಸುರೆ ತೊಳೆಯುವವರು ಒಬ್ಬರೂ ಇರುವುದಿಲ್ಲ."

ಬೆರಳು ಹಿಡಿಯದವರಿಗೆ ನಂಬರು ಒತ್ತುವ ಅನುಕೂಲ ಆ ಯಂತ್ರದಲ್ಲೇ ಇತ್ತು. ಅದನ್ನು ಯಾರೂ ತೆರೆದಿರಲಿಲ್ಲ, ಅಷ್ಟೆ. ಅರ್ಧ ದಿನದ ನಿಯಮವೂ ಯಂತ್ರದ ಹುಟ್ಟುಗುಣವಲ್ಲ. ಹೊಟೇಲಿನ ಆಫೀಸಿನವರು ಗುರುತು ಹಾಕಿ ಆರಿಸಿಕೊಂಡದ್ದು. ಇಷ್ಟು ತಿಳಿದ ಮೇಲೆ ನಮ್ಮ ಬಾಯಿಗೆ ಬಲ ಬಂತು. ಮೂರನೆಯ ದಿನ ಮುಸುರೆಯವರಿಗೆ ನಂಬರು ಸಿಕ್ಕಿತು, ಆ ತಿಂಗಳು ಹಿಡಿದ ಕೂಲಿಯೂ ವಾಪಸು ಬಂತು. ಎರಡು ತಿಂಗಳ ಕೂಗಾಟದಿಂದ ಆಗದ್ದು ಒಬ್ಬ ತಿಳಿದ ಹುಡುಗನ ಒಂದು ಭಾನುವಾರದಿಂದ ಆಯಿತು.

ಈಗ ಗಿರಣಿಯ ಬಂಧುಗಳಿಗೆ ಒಂದು ಮಾತು. ಪ್ರೋಗ್ರಾಮ್ ಎಂಬುದು ನಿಮಗೆ ಹೊಸತಲ್ಲ. ಸೂರತ್ತಿನಲ್ಲಿ ಜಕಾರ್ಡ್ ಮಗ್ಗದ ಮೇಲೆ ದುಡಿದವರಿಗೆ ತೂತು ಹೊಡೆದ ಕಾರ್ಡುಗಳ ಮಾಲೆ ಗೊತ್ತು. ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಸೀರೆಯ ಹೂಬಳ್ಳಿಯೆಲ್ಲ ಆ ತೂತುಗಳಲ್ಲೇ ಅಡಗಿರುತ್ತದೆ. ಫ್ರಾನ್ಸಿನ ಜಕಾರ್ಡ್ ಎಂಬವನು ಆ ಮಗ್ಗವನ್ನು ಹೊರತಂದದ್ದು 1804ರ ಸುಮಾರಿಗೆ. ಅದೇ ಬಗೆಯ ಕಾರ್ಡುಗಳಿಂದ ಲೆಕ್ಕ ಮಾಡುವ ಯಂತ್ರವನ್ನು ಕಟ್ಟಲು ಇಂಗ್ಲೆಂಡಿನ ಬ್ಯಾಬೇಜ್ 1830ರ ದಶಕದಲ್ಲಿ ಯೋಜನೆ ಹಾಕಿದ. 1890ರಲ್ಲಿ ಅಮೆರಿಕದ ಜನಗಣತಿಯನ್ನು ತೂತಿನ ಕಾರ್ಡುಗಳಿಂದಲೇ ಎಣಿಸಿದರು. ಅಂದರೆ ಕಂಪ್ಯೂಟರಿನ ವಂಶದಲ್ಲಿ ಮಗ್ಗ ಒಬ್ಬ ಹಿರಿಯ. ಕಾರ್ಡಿಗೆ ತೂತು ಹೊಡೆಯುತ್ತಿದ್ದವನನ್ನು ನಾವು ಕಾರ್ಮಿಕನೆಂದೇ ಕರೆದೆವು. ಇಂದು ಅದೇ ಕೆಲಸವನ್ನು ಗುಂಡಿ ಒತ್ತಿ ಮಾಡುವವನು ಬೇರೆ ಜಾತಿಯವನು ಹೇಗಾದಾನು?

ಅವನ ಕೆಲಸ ಹೇಗಿದೆಯೆಂದು ಕೇಳಿದೆ. ಹೊಸತನ್ನು ಕಟ್ಟುವುದು ರೂಪಾಯಿಯಲ್ಲಿ ನಾಲ್ಕಾಣೆಯಂತೆ. ಉಳಿದದ್ದೆಲ್ಲ ಬಿಟ್ಟುಹೋದವರು ಬರೆದಿಟ್ಟದ್ದನ್ನು ಬಿಡಿಸಿ ಓದಿ ಹರುಕು ಹೊಲಿಯುವುದು. "ಅಣ್ಣ, ನಮ್ಮಲ್ಲಿ ಬೇಗ ಮುಗಿಸು ಅನ್ನುವವರು ಹತ್ತು ಜನ, ಸರಿಯಾಗಿ ಮಾಡು ಅನ್ನುವವರು ಒಬ್ಬರು" ಎಂದ. ಬರೆಯುವವನನ್ನು ಒಂದು ಮಾತೂ ಕೇಳದೆ ಮೇಲಿನವರು ಗಿರಾಕಿಗೆ ತಾರೀಕು ಕೊಟ್ಟು ಬರುತ್ತಾರೆ. ನಮಗೆ ಇದು ಗೊತ್ತಿಲ್ಲದ್ದೇ? ಭಟ್ಟರನ್ನು ಕೇಳದೆ ಧಣಿ ಐನೂರು ಜನರ ಊಟಕ್ಕೆ ಮುಂಗಡ ತೆಗೆದುಕೊಂಡ ದಿನ ಅಡುಗೆಮನೆಯಲ್ಲಿ ಏನು ನಡೆಯುತ್ತದೆಂದು ನಾವು ಬಲ್ಲೆವು. ಅವಸರದ ಸಾಂಬಾರು ಒಂದು ಹೊತ್ತಿಗೆ ಕೆಡುತ್ತದೆ. ಅವಸರದ ಪ್ರೋಗ್ರಾಮ್ ಮಾತ್ರ ವರ್ಷಗಟ್ಟಲೆ ಯಾರದೋ ಕೂಲಿ ಕತ್ತರಿಸುತ್ತ ಕೂರುತ್ತದೆ.

ತಾಸುಗಳ ವಿಷಯದಲ್ಲೂ ಅವನ ಪಾಡು ನಮ್ಮದೇ. ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ತಾಸು ದುಡಿಯಬೇಕೆಂದು 2023ರ ಅಕ್ಟೋಬರಿನಲ್ಲಿ ಹೇಳಿದರು. 2024ರ ಜುಲೈಯಲ್ಲಿ ಕರ್ನಾಟಕದ ಸಾಫ್ಟ್‌ವೇರ್ ಕಂಪೆನಿಗಳಲ್ಲಿ ದಿನಕ್ಕೆ 14 ತಾಸಿನವರೆಗೆ ದುಡಿಸಲು ಅವಕಾಶವಾಗುವ ಪ್ರಸ್ತಾಪ ಬಂತು. ಬೆಂಗಳೂರಿನ ಕಂಪ್ಯೂಟರ್ ಕೆಲಸಗಾರರು 2017ರಲ್ಲೇ ಕಟ್ಟಿಕೊಂಡಿದ್ದ ಸಂಘ ಅದನ್ನು ಬಹಿರಂಗವಾಗಿ ವಿರೋಧಿಸಿತು. ಮರುವರ್ಷ 2025ರಲ್ಲಿ ನಮ್ಮ ಈ ಗುಜರಾತಿನಲ್ಲೇ ಕಾರ್ಖಾನೆಯ ದಿನವನ್ನು 9 ತಾಸಿನಿಂದ 12 ತಾಸಿನವರೆಗೆ ಹಿಗ್ಗಿಸುವ ಸುಗ್ರೀವಾಜ್ಞೆ ಹೊರಟಿತು. ಅಲ್ಲಿ ಕುರ್ಚಿಯವರಿಗೆ, ಇಲ್ಲಿ ಮಗ್ಗದವರಿಗೆ. ಎಳೆಯುವ ಹಗ್ಗ ಒಂದೇ.

ಆದರೆ ಅವನ ಎಲ್ಲ ಮಾತನ್ನೂ ನಾನು ಒಪ್ಪಿದವನಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನು, "ವಿದ್ಯೆ ಇದ್ದವನಿಗೆ ಸಂಘ ಯಾಕೆ? ಒಂದು ಕಡೆ ಸರಿಬರದಿದ್ದರೆ ಇನ್ನೊಂದು ಕಡೆ" ಎನ್ನುತ್ತಿದ್ದ. ಅಂದು ಅವನಿಗೆ ಹೇಳಿದ ಕಥೆಯನ್ನು ನಿಮಗೂ ಹೇಳುತ್ತೇನೆ. ಅದು ನಡೆದದ್ದು ಅಹಮದಾಬಾದಿನಲ್ಲಿಯೇ.

1917ರಲ್ಲಿ ಈ ಊರಿಗೆ ಪ್ಲೇಗು ಬಂತು. ಜನ ಊರು ಬಿಟ್ಟು ಓಡದಿರಲೆಂದು ಗಿರಣಿ ಮಾಲೀಕರು ನೇಯ್ಗೆಯವರಿಗೆ ದೊಡ್ಡ ಬೋನಸ್ ಕೊಟ್ಟರು. ಹಾಸು ಹೂಡುವ ಖಾತೆಯವರಿಗೆ ಅದು ಸಿಗಲಿಲ್ಲ; ಅವರು ತಮ್ಮ ಪಾಡಿಗೆ ಹೋರಾಡಬೇಕಾಯಿತು. ಪ್ಲೇಗು ಇಳಿಯಿತು. 1918ರ ಆರಂಭದಲ್ಲಿ ನೇಯ್ಗೆಯವರ ಬೋನಸನ್ನೂ ನಿಲ್ಲಿಸಹೊರಟರು. ಆಗ ಅವರು ಶೇಕಡಾ 35 ಹೆಚ್ಚಳ ಕೇಳಿದರು, ಮಾಲೀಕರು 20ಕ್ಕೆ ನಿಂತರು. ಗಿರಣಿಗಳಿಗೆ ಬೀಗ ಬಿತ್ತು. ಗಾಂಧೀಜಿ ಉಪವಾಸ ಕೂತರು. ಕೊನೆಗೆ ಮಧ್ಯಸ್ಥರು 35ನ್ನೇ ಕೊಡಿಸಿದರು. ಕಾರ್ಮಿಕರ ಜೊತೆಗೆ ನಿಂತವರು ಅನಸೂಯಾ ಸಾರಾಭಾಯಿ. ಎದುರಿಗಿದ್ದ ಮಾಲೀಕರಲ್ಲಿ ಮುಖ್ಯರು ಅವರ ಸ್ವಂತ ತಮ್ಮ ಅಂಬಾಲಾಲ್. 1920ರಲ್ಲಿ ಬೇರೆ ಬೇರೆ ಖಾತೆಗಳ ಸಂಘಗಳು ಕೂಡಿ ಮಜೂರ್ ಮಹಾಜನ ಆಯಿತು.

ಕೊರೋನಾ ಕಾಲವನ್ನು ಇದರ ಪಕ್ಕಕ್ಕೆ ಇಟ್ಟು ನೋಡಿರಿ. 2021 ಮತ್ತು 2022ರಲ್ಲಿ ಕಂಪ್ಯೂಟರ್ ಕಂಪೆನಿಗಳು ಹುಡುಗರನ್ನು ಕರೆಕರೆದು ಸಂಬಳ ಏರಿಸಿದುವು. ಕಾಯಿಲೆ ಇಳಿದ ಮೇಲೆ ಲೋಕದಾದ್ಯಂತ ಕಡಿತ ಆರಂಭವಾಯಿತು. 2025ರ ಜುಲೈಯಲ್ಲಿ ಟಿ.ಸಿ.ಎಸ್. ಕಂಪೆನಿ ತನ್ನ ಆರು ಲಕ್ಷದಷ್ಟು ನೌಕರರಲ್ಲಿ ಸುಮಾರು 12,000 ಜನರನ್ನು, ಅದರಲ್ಲೂ ಮಧ್ಯಮ ಮತ್ತು ಹಿರಿಯ ದರ್ಜೆಯವರನ್ನು, ಬಿಡಿಸುವುದಾಗಿ ಸಾರಿತು. ಈಗ ಪ್ರೋಗ್ರಾಮನ್ನು ತಾನೇ ಬರೆಯುವ ಕೃತಕ ಬುದ್ಧಿಯೂ ಬಂದಿದೆ. ಬುದ್ಧಿ ಹೇಳಿಕೊಟ್ಟವನ ಕುರ್ಚಿಯೇ ಅಲುಗಾಡುತ್ತಿದೆ. ಪ್ಲೇಗಿನ ಬೋನಸ್ಸನ್ನು ಯಾರೂ ಪಿತ್ರಾರ್ಜಿತ ಆಸ್ತಿ ಎಂದು ತಿಳಿಯಬಾರದು.

ವಿದ್ಯೆಯೊಂದೇ ಕಾಪಾಡುತ್ತಿದ್ದರೆ ಅಹಮದಾಬಾದಿನ ನೇಯ್ಗೆಯವರಿಗೆ ಏನು ಕಡಿಮೆಯಿತ್ತು? 1980 ಮತ್ತು 90ರ ದಶಕಗಳಲ್ಲಿ ಗಿರಣಿಗಳು ಒಂದರ ಹಿಂದೊಂದು ಮುಚ್ಚಿದಾಗ, ನೂಲು ಮುಟ್ಟಿ ನಂಬರು ಹೇಳುವವರು ರಿಕ್ಷಾ ಓಡಿಸಿದರು, ಲಾರಿ ನೂಕಿದರು. ಸೂರತ್ತಿನಲ್ಲಿ ಕಚ್ಚಾ ವಜ್ರವನ್ನು ಬೆಳಕಿಗೆ ಹಿಡಿದು ಎಲ್ಲಿ ಕೊಯ್ಯಬೇಕೆಂದು ಹೇಳುತ್ತಿದ್ದ ಹಿರಿಯರಿಗೆ ಎಂಥ ಮರ್ಯಾದೆ ಇತ್ತು! ಇಂದು ಯಂತ್ರ ಅಳೆದು ಪರದೆಯ ಮೇಲೆ ಗೆರೆ ಎಳೆದು ತೋರಿಸುತ್ತದೆ. ಆ ಹುಡುಗ ಇದನ್ನೆಲ್ಲ ಕೇಳಿ ಅಂದು ಸುಮ್ಮನಿದ್ದ. ಕಳೆದ ವರ್ಷ ಅವನ ಪಕ್ಕದ ಕುರ್ಚಿಯವನನ್ನು ಬೆಳಿಗ್ಗೆ ಕರೆದು ಮಧ್ಯಾಹ್ನ ಮನೆಗೆ ಕಳುಹಿಸಿದ ಮೇಲೆ ಅರ್ಜಿ ತಂದುಕೊಟ್ಟ.

ಹಾಗಾದರೆ ಯಂತ್ರವೇ ಬೇಡವೆನ್ನೋಣವೆ? ಅದೂ ಸರಿಯಲ್ಲ. ನಮ್ಮ ಜಿಲ್ಲೆಯ ಕಿನ್ನಿಕಂಬಳದವರಾದ ಕೆ.ಪಿ. ರಾಯರು ಕಂಪ್ಯೂಟರಿನಲ್ಲಿ ಕನ್ನಡ ಒತ್ತುವ ಕೀಲಿಮಣೆಯ ಕ್ರಮವನ್ನು ರೂಪಿಸಿ, ಹಕ್ಕು ಕಟ್ಟಿಟ್ಟುಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟರು. ಈ ಪತ್ರಿಕೆಯ ಅಕ್ಷರಗಳೂ ಆ ಕ್ರಮದಲ್ಲೇ ಮೂಡುತ್ತಿವೆ. ಯಂತ್ರ ಯಾರ ಉಪಯೋಗಕ್ಕೆ, ಯಾರನ್ನು ಕೇಳಿ ಎಂಬುದೇ ಪ್ರಶ್ನೆ. ಬ್ಯಾಂಕ್ ನೌಕರರ ಸಂಘಗಳು 1983ರಲ್ಲಿ ಕಂಪ್ಯೂಟರಿನ ಬಗ್ಗೆ ಬ್ಯಾಂಕುಗಳೊಡನೆ ಕೂತು ಒಪ್ಪಂದವನ್ನೇ ಬರೆಸಿಕೊಂಡುವು. ನಾವು ಚಿಕ್ಕವರಿರಬಹುದು. ಆದರೂ ಬರೆಸಿಕೊಳ್ಳತಕ್ಕ ನಾಲ್ಕು ಮಾತುಗಳು ನಮಗೂ ಇವೆ.

ಹಾಜರಿ ಯಂತ್ರ ಇದ್ದಲ್ಲಿ ಕೈಬರಹದ ಪುಸ್ತಕವೂ ಇರಬೇಕು. ಯಂತ್ರದ ಮಾತಿನ ಮೇಲೆ ಕೂಲಿ ಹಿಡಿಯುವ ಮೊದಲು ಮನುಷ್ಯನೊಬ್ಬ ನಮ್ಮ ಮಾತು ಕೇಳಬೇಕು. ಕಡಿತದ ನಿಯಮವನ್ನು ಕನ್ನಡದಲ್ಲೂ ಗುಜರಾತಿಯಲ್ಲೂ ಬರೆದು ಗೋಡೆಗೆ ಹಚ್ಚಬೇಕು. ಹೊಸ ಯಂತ್ರ ಬರುವಾಗ ಮೊದಲ ಪರೀಕ್ಷೆ ಮುಸುರೆಯವರ ಬೆರಳಿನಿಂದಲೇ ಆಗಬೇಕು.

ಇವನ್ನು ಕೇಳಲು ಯಂತ್ರದ ಒಳಗುಟ್ಟು ತಿಳಿದವನು ನಮ್ಮ ಪಕ್ಕದಲ್ಲಿರಬೇಕು. ತಪ್ಪು ಕಂಡಾಗ "ಇದನ್ನು ಬರೆಯಲಾರೆ" ಎಂದು ಅವನು ತನ್ನ ಮೇಲಿನವರಿಗೆ ಹೇಳಬೇಕಾದರೆ ಅವನ ಬೆನ್ನ ಹಿಂದೆಯೂ ಯಾರಾದರೂ ಇರಬೇಕು. ಒಬ್ಬನೇ ಹೇಳಿದರೆ ಅವನ ಕುರ್ಚಿ ಹೋಗುತ್ತದೆ, ಬರೆಯಲು ಇನ್ನೊಬ್ಬ ಬರುತ್ತಾನೆ.

ಓದಿದವರು ಸೇರಿದರೆ ನಮ್ಮ ಮೇಲೆ ಯಜಮಾನಿಕೆ ಮಾಡಿಯಾರು ಎಂಬ ಹೆದರಿಕೆ ಸುಳ್ಳಲ್ಲ. ಇಂಗ್ಲಿಷು ಬಲ್ಲವನ ಮುಂದೆ ನಮ್ಮ ನಾಲಗೆ ಕಟ್ಟುತ್ತದೆ. ಆದುದರಿಂದ ಸಂಬಳಕ್ಕೆ ತಕ್ಕ ಹೆಚ್ಚಿನ ಚಂದಾ ಅವರಿಂದ ಪಡೆಯೋಣ, ವೋಟು ಎಲ್ಲರಿಗೂ ಒಂದೇ ಇರಲಿ. ಪದಾಧಿಕಾರಿಗಳಲ್ಲಿ ಹೊಟೇಲು ಮತ್ತು ಗಿರಣಿಯವರೇ ಹೆಚ್ಚಿರಬೇಕೆಂದು ನಿಯಮ ಮಾಡೋಣ. ತಿಂಗಳಿಗೆ ಒಂದು ಭಾನುವಾರ ಅವರು ನಮ್ಮ ಮಕ್ಕಳಿಗೆ ಪಾಠ ಹೇಳಲಿ. ಯಾವ ಕೋರ್ಸಿನಲ್ಲಿ ಹುರುಳಿದೆ, ಯಾವುದು ಬರೀ ಬಣ್ಣದ ಬೋರ್ಡು ಎಂದು ತಂದೆತಾಯಿಗೂ ತಿಳಿಸಲಿ. ಊರಿನ ಗದ್ದೆ ಅಡವಿಟ್ಟು ಫೀಸು ಕಟ್ಟಿ, ಸರ್ಟಿಫಿಕೇಟು ಹಿಡಿದು ಮನೆಯಲ್ಲಿ ಕೂತ ಮಕ್ಕಳು ನಮ್ಮಲ್ಲಿ ಒಬ್ಬಿಬ್ಬರಲ್ಲ.

ಈ ಹುಡುಗನ ತಂದೆ ಸಂಘದ ಚಂದಾವನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. ಮಗನನ್ನು ಓದಿಸಿದ್ದು ಅವನು ನಮ್ಮನ್ನು ಬಿಟ್ಟು ಹೋಗಲೆಂದಲ್ಲ, ನಮಗಿಂತ ಚೆನ್ನಾಗಿ ಬಾಳಲೆಂದು. ಅವನಾಗಿ ತಿರುಗಿ ಬಂದು ಬಾಗಿಲು ತಟ್ಟಿದ್ದಾನೆ. ಮಹಾಸಭೆಗೆ ರಜೆ ಕೇಳಿ ಬನ್ನಿರಿ, ವಿಚಾರ ಮಾಡಿ ಕೈ ಎತ್ತಿರಿ. ನನ್ನ ಕೈ ಅವನ ಪರವಾಗಿ ಏಳುತ್ತದೆ.

— ಒಬ್ಬ ಹೊಟೇಲ್ ಕಾರ್ಮಿಕ, ಅಹಮದಾಬಾದು