ನೀರಿನ ಮಂಡಳಿಯೂ ಕೈಗಾರಿಕೆಯೇ

ಬೆಂಗಳೂರು ನೀರು ಸರಬರಾಜು ಮಂಡಳಿಯು ಕೆಲವು ನೌಕರರಿಗೆ ದುರ್ನಡತೆಯ ಹೆಸರಿನಲ್ಲಿ ದಂಡ ಹಾಕಿ ಹಣ ವಸೂಲು ಮಾಡಿತು. ನೌಕರರು ಕಾರ್ಮಿಕ ನ್ಯಾಯಾಲಯದ ಮೊರೆಹೊಕ್ಕರು. ಆಗ ಮಂಡಳಿ ಹೂಡಿದ ವಾದ ವಿಚಿತ್ರವಾದುದು: ನೀರು ಒದಗಿಸುವುದು ರಾಜ್ಯಕಾರ್ಯ, ತಾನು ಕೈಗಾರಿಕೆಯೇ ಅಲ್ಲ, ಕೈಗಾರಿಕಾ ವಿವಾದ ಕಾಯಿದೆ ತನಗೆ ಅನ್ವಯಿಸದು!

ದಂಡದ ಈ ಸಣ್ಣ ವ್ಯಾಜ್ಯ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠವನ್ನು ಮುಟ್ಟಿತು. 1978ರ ಫೆಬ್ರವರಿ 21ರಂದು ಐವರು ಮಂಡಳಿಯ ವಾದವನ್ನು ತಳ್ಳಿಹಾಕಿದರು. ಮಾಲೀಕ-ನೌಕರರ ಸಹಕಾರದಿಂದ, ವ್ಯವಸ್ಥಿತವಾಗಿ, ಜನರಿಗೆ ಬೇಕಾದ ಸರಕನ್ನೋ ಸೇವೆಯನ್ನೋ ಒದಗಿಸುವುದು ಕೈಗಾರಿಕೆ. ಲಾಭದ ಉದ್ದೇಶವಿಲ್ಲವೆಂಬುದು ನೆಪವಾಗದು ಎಂಬುದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ತೀರ್ಪಿನ ಸಾರ. ಆಸ್ಪತ್ರೆ, ವಿದ್ಯಾಸಂಸ್ಥೆಗಳೂ ಅದರೊಳಗೆ ಬಂದುವು.

ಅಂದಿನಿಂದ ಈ ತೀರ್ಪು ಹಲವರ ಕಣ್ಣಿಗೆ ಮುಳ್ಳು. ಅದನ್ನು ಕುಗ್ಗಿಸುವ 1982ರ ತಿದ್ದುಪಡಿ ಜಾರಿಗೆ ಬರಲೇ ಇಲ್ಲ. 2017ರಲ್ಲಿ ಪ್ರಶ್ನೆ ಒಂಬತ್ತು ನ್ಯಾಯಾಧೀಶರ ಪೀಠಕ್ಕೆ ಹೋಯಿತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಂತೂ ಧರ್ಮಾರ್ಥ ಸಂಸ್ಥೆಗಳನ್ನು ಹೊರಗಿಟ್ಟಿತು.

ನಾವು ಕೇಳುತ್ತೇವೆ: ಹೆಬ್ಬಗೋಡಿಯ ಒಂದೇ ಮನೆಯ ಅಣ್ಣ ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ದುಡಿದರೆ, ತಂಗಿ ಧರ್ಮಾಸ್ಪತ್ರೆಯಲ್ಲಿ ಆಯಾ ಆಗಿ ದುಡಿದರೆ, ಅಣ್ಣನಿಗಿರುವ ರಕ್ಷಣೆ ತಂಗಿಗೆ ಏಕಿಲ್ಲ? ಅವಳ ಸಂಬಳ ನಿಂತರೆ ಬೀದಿಯ ಅಂಗಡಿಯ ಸಾಲದ ಲೆಕ್ಕವೂ ನಿಲ್ಲುತ್ತದೆ. ಧರ್ಮ ಮಾಡುವವರು ತಮ್ಮ ಗಂಟಿನಿಂದ ಮಾಡಲಿ, ದುಡಿಯುವವರ ಹಕ್ಕಿನಿಂದಲ್ಲ.