ಕರೆದದ್ದು ಯಾರನ್ನು, ಓಗೊಟ್ಟವರು ಯಾರು?

ಮೂಡಿಗೆರೆ ಸೀಮೆಯ ಜಾವಳಿ ಹೇಮಾವತಿ ಹುಟ್ಟುವ ಊರು. ಅಲ್ಲಿ ಮನೆಗೂ ಮನೆಗೂ ನಡುವೆ ಕಾಫಿಯ ತೋಟ, ಹಳ್ಳ, ಏರು. ದೂರವನ್ನು ‘ಕೂಗಳತೆ’ಯಿಂದ ಅಳೆಯುವ ಮಾತಿಗೆ ಇಂಥ ನೆಲದಲ್ಲಿಯೇ ಪೂರ್ಣ ಅರ್ಥ. ಧರ್ಮಸ್ಥಳದ ಸ್ವಾಮಿಯ ಹೆಸರು ಹೊತ್ತ ಮಂಜಯ್ಯ, ಮಂಜಪ್ಪ, ಮಂಜುನಾಥರಿಗೆ ಈ ಕಡೆ ಬರವಿಲ್ಲ. ಆದ್ದರಿಂದ ಮಲೆನಾಡಿಗರು ಬರಿಯ ಹೆಸರನ್ನು ನೆಚ್ಚದೆ, ಮೇಲಿನಮನೆ ಮಂಜಯ್ಯ, ಹಳ್ಳದಮನೆ ಮಂಜಯ್ಯ ಎಂದು ಮನೆಯ ಹೆಸರನ್ನು ಮುಂದಿಟ್ಟು ಕರೆಯುತ್ತಾರೆ. ಕರೆದದ್ದು ಒಬ್ಬರನ್ನು, ಓಗೊಟ್ಟವರು ಇನ್ನೊಬ್ಬರು ಎಂದಾದರೆ, ನೆಲದ ಮೇಲಿನ ನಷ್ಟ ಒಂದು ಏರು ಹತ್ತಿ ಇಳಿದ ಆಯಾಸವಷ್ಟೆ.

ಈ ತೊಡಕು ಆಕಾಶದಲ್ಲಿಯೂ ಉಂಟು. ಅಲ್ಲಿ ಅದರ ಬೆಲೆ ಬೇರೆ. ಬೆಂಗಳೂರಿನಿಂದ ಘಟ್ಟ ದಾಟಿ ಮಂಗಳೂರಿಗೆ ಹೋಗುವ ವಿಮಾನವಾಗಲಿ, ಸಮುದ್ರ ದಾಟಿ ಹೋಗುವುದಾಗಲಿ, ಪ್ರತಿಯೊಂದಕ್ಕೂ ರೇಡಿಯೋದಲ್ಲಿ ಒಂದು ಕರೆಹೆಸರಿರುತ್ತದೆ. ಅದನ್ನು ಕಾಲ್‌ಸೈನ್ ಎನ್ನುವರು. ಅದು ಟಿಕೇಟಿನ ಮೇಲಿನ ಹೆಸರೇ ಆಗಬೇಕೆಂದಿಲ್ಲ. ಬ್ರಿಟಿಷ್ ಏರ್‌ವೇಸ್ ರೇಡಿಯೋದಲ್ಲಿ ‘ಸ್ಪೀಡ್‌ಬರ್ಡ್’. ನಮ್ಮ ಇಂಡಿಗೋ ‘ಐಫ್ಲೈ’. ಏರ್ ಇಂಡಿಯಾ ಎಕ್ಸ್‌ಪ್ರೆಸ್ ‘ಎಕ್ಸ್‌ಪ್ರೆಸ್ ಇಂಡಿಯಾ’. ಈ ಮನೆತನದ ಹೆಸರಿನ ಹಿಂದೆ ಒಂದು ಸಂಖ್ಯೆ ಬರುತ್ತದೆ. ನಮ್ಮ ದೇಶದೊಳಗಿನ ವಿಮಾನಯಾತ್ರಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರನ್ನು ಒಂದೇ ಸಂಸ್ಥೆ ಹೊತ್ತು ತಿರುಗುತ್ತಿರುವಾಗ, ಮನೆತನದ ಹೆಸರು ಗುರುತಿಗೆ ಒದಗದು, ಉಳಿದದ್ದು ಸಂಖ್ಯೆಯೊಂದೇ. ಒಂದೇ ವೇಳೆಯಲ್ಲಿ ಒಂದರ ಸಂಖ್ಯೆ 623, ಇನ್ನೊಂದರದು 632 ಎಂದಾದರೆ ಗತಿಯೇನು?

ವಿಮಾನದ ರೇಡಿಯೋ ನಮ್ಮ ಟೆಲಿಫೋನಿನಂತಲ್ಲ. ಒಂದು ಪ್ರದೇಶದ ವಿಮಾನಗಳೆಲ್ಲ ಒಂದೇ ತರಂಗದ ಮೇಲೆ ಕಿವಿಯಿಟ್ಟಿರುತ್ತವೆ. ಒಬ್ಬರು ಆಡಿದ್ದನ್ನು ಎಲ್ಲರೂ ಕೇಳುವರು. ಇಬ್ಬರು ಒಟ್ಟಿಗೆ ಆಡಿದರೆ ಮಾತು ಕೆಟ್ಟು ಕಿರುಗುಟ್ಟುವ ಸದ್ದು ಬರುವುದು, ಇಲ್ಲವೆ ಬಲವಾದ ದನಿಯೊಂದೇ ಮೇಲೆದ್ದು ಇನ್ನೊಂದು ಅಡಗುವುದು. ಅಪಾಯ ಇರುವುದು ಇಲ್ಲಿಯೇ. ‘ಇಳಿಯಿರಿ’ ಎಂಬ ಅಪ್ಪಣೆ 623ಕ್ಕೆ ಹೋಯಿತೆನ್ನಿ. ತನಗೇ ಎಂದು ತಿಳಿದ 632 ಕೂಡ ಅದೇ ಕ್ಷಣದಲ್ಲಿ ‘ಆಗಲಿ’ ಎಂದಿತು. ಗೋಪುರದಲ್ಲಿ ಕುಳಿತವರಿಗೆ ಕೇಳಿಸಿದ್ದು ಒಂದೇ ದನಿ. ಇಳಿಯತೊಡಗಿದ್ದು ಎರಡು ವಿಮಾನ.

ಕೇಳಿದವರು ಅಜಾಗರೂಕರೆಂದು ಮೂದಲಿಸುವುದು ಸುಲಭ. ಆದರೆ ಕಿವಿಯ ಸ್ವಭಾವವೇ ಹಾಗೆ. ಅದು ಕಾಯುತ್ತಿದ್ದುದನ್ನೇ ಕೇಳಿಸಿಕೊಳ್ಳುತ್ತದೆ. ನಮ್ಮ ಕನ್ನಡವನ್ನೇ ನೋಡಿರಿ: ‘ಹತ್ತು’ ಎಂದರೆ ಸಂಖ್ಯೆಯೂ ಹೌದು, ಏರೆಂಬ ಅಪ್ಪಣೆಯೂ ಹೌದು. ‘ಏಳು’ ಎಂಬುದರ ಕಥೆಯೂ ಅದೇ. ಇಂಗ್ಲಿಷಿನಲ್ಲಿ ‘ಟೂ’ ಎಂಬ ಸದ್ದು ‘ಎರಡು’ ಆಗಬಹುದು, ‘ಅಲ್ಲಿಗೆ’ ಎಂದೂ ಆಗಬಹುದು. 1989ರ ಫೆಬ್ರವರಿಯಲ್ಲಿ ಕೌಲಾಲಂಪುರದ ಬಳಿ ಫ್ಲೈಯಿಂಗ್ ಟೈಗರ್ ಸಂಸ್ಥೆಯ ಸರಕಿನ ವಿಮಾನಕ್ಕೆ 2400 ಅಡಿಗೆ ಇಳಿಯಲು ‘ಟೂ ಫೋರ್ ಝೀರೋ ಝೀರೋ’ ಎಂದು ಹೇಳಲಾಯಿತು. ವೈಮಾನಿಕರ ಕಿವಿಗೆ ಅದು ‘400 ಅಡಿಗೆ’ ಎಂದು ಬಿದ್ದಿತು. ಅವರು ಹಾಗೆಯೇ ಮರುನುಡಿದರು, ಯಾರೂ ತಿದ್ದಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ಅದರಲ್ಲಿದ್ದ ನಾಲ್ವರೂ ತೀರಿಕೊಂಡರು.

ಹೆಸರು ಕೂಡಿ ಬಂದದ್ದರಿಂದಲ್ಲದಿದ್ದರೂ, ಮಾತು ತಲುಪಬೇಕಾದ ಕಿವಿಗೆ ತಲುಪದೆ ಹೋದರೆ ಏನಾಗಬಹುದೆಂಬುದನ್ನು ನಮ್ಮ ಬೆಂಗಳೂರೂ ಕಂಡಿದೆ. 2022ರ ಜನವರಿಯಲ್ಲಿ ಕೆಂಪೇಗೌಡ ನಿಲ್ದಾಣದ ಎರಡು ಸಮಾನಾಂತರ ಓಡುದಾರಿಗಳಿಂದ, ಕೋಲ್ಕತ್ತಕ್ಕೆ ಒಂದು, ಭುವನೇಶ್ವರಕ್ಕೆ ಒಂದು, ಒಂದೇ ಸಂಸ್ಥೆಯ ಎರಡು ವಿಮಾನಗಳು ಹೆಚ್ಚುಕಡಿಮೆ ಒಟ್ಟಿಗೆ ಮೇಲೆದ್ದು ಒಂದರ ಕಡೆಗೊಂದು ವಾಲಿದವು. ಒಂದೇ ಓಡುದಾರಿಯನ್ನು ಬಳಸುವುದೆಂದು ಮಾಡಿದ ನಿರ್ಧಾರವನ್ನು ದಕ್ಷಿಣ ಗೋಪುರದವರಿಗೆ ತಿಳಿಸಿರಲಿಲ್ಲ. ರಡಾರಿನ ಮುಂದಿದ್ದ ಅಧಿಕಾರಿ ಕಂಡು, ಎರಡನ್ನೂ ಬೇರೆಬೇರೆ ದಿಕ್ಕಿಗೆ ತಿರುಗಿಸಿದುದರಿಂದ ನಾನೂರಕ್ಕೂ ಮಿಕ್ಕ ಜೀವಗಳು ಉಳಿದವು.

ಹೆಸರಿನ ಗೊಂದಲಕ್ಕೆ ಮದ್ದಿಲ್ಲವೆಂದಲ್ಲ. ಸಂಖ್ಯೆಯೊಡನೆ ಅಕ್ಷರಗಳನ್ನು ಬೆರೆಸಿ ಕರೆಹೆಸರು ಕಟ್ಟಬಹುದು. ಟಿಕೇಟಿನ ಸಂಖ್ಯೆ ಹಾಗೆಯೇ ಉಳಿದೀತು. ಅಕ್ಷರಗಳನ್ನು ಆಲ್ಫಾ, ಬ್ರಾವೋ, ಚಾರ್ಲಿ ಎಂದು ಬಿಡಿಸಿ ಹೇಳುವ ಪದ್ಧತಿಯನ್ನು ಅಂತರರಾಷ್ಟ್ರೀಯ ಸಂಸ್ಥೆ 1956ರಿಂದಲೇ ಜಾರಿಗೆ ತಂದಿದೆ. ಒಂದೇ ಬಗೆಯ ಎರಡು ಹೆಸರು ಎದುರಾದರೆ ಒಂದನ್ನು ತಾತ್ಕಾಲಿಕವಾಗಿ ಬದಲಿಸಲು ನಿಯಂತ್ರಕರಿಗೆ ಅಧಿಕಾರವುಂಟು. ಯೂರೋಪಿನಲ್ಲಿ ವೇಳಾಪಟ್ಟಿ ಸಿದ್ಧವಾಗುವಾಗಲೇ ಇಂಥ ಜೋಡಿಗಳನ್ನು ಹುಡುಕಿ ಬಿಡಿಸುವ ಏರ್ಪಾಡಿದೆ.

ಇವೆಲ್ಲಕ್ಕಿಂತ ಹಳೆಯ ಮದ್ದು ಮರುನುಡಿ. ಅಪ್ಪಣೆ ಪಡೆದವರು ಅದನ್ನು ತಮ್ಮ ಕರೆಹೆಸರಿನೊಡನೆ ತಿರುಗಿ ಹೇಳಬೇಕು. ಕೊಟ್ಟವರು ಅದನ್ನು ಕಿವಿಗೊಟ್ಟು ಕೇಳಬೇಕು. ಗಿಣಿಪಾಠದಂತೆ ಕಾಣುವ ಈ ಶಿಸ್ತಿನಲ್ಲಿ ಎರಡನೆಯ ಅರ್ಧವೇ ಕಠಿಣ: ಆಡುವುದಕ್ಕಿಂತ ಕೇಳುವುದು. ಸಂಶಯ ಬಂದಾಗ ‘ಇನ್ನೊಮ್ಮೆ ಹೇಳಿ’ ಎನ್ನಲು ಮೂವತ್ತು ವರ್ಷ ಹಾರಿದ ಹಿರಿಯ ವೈಮಾನಿಕರೂ ನಾಚುವಂತಿಲ್ಲ. ತಿಳಿಯದೆ ತಲೆಯಾಡಿಸುವ ಸೌಜನ್ಯಕ್ಕಿಂತ ತಿರುಗಿ ಕೇಳುವ ಸಂಕೋಚಗೇಡಿತನವೇ ಮೇಲು. ಈ ಮಾತು ಆಕಾಶಕ್ಕೆ ಮಾತ್ರ ಸಲ್ಲುವುದೆಂದು ಯಾರೂ ತಿಳಿಯಬೇಕಾಗಿಲ್ಲ.